ಆ ಯಾರ್ಡುಗಳೆಲ್ಲ ಓಡಿದವನದ್ದೇ?

ಪ್ರಶ್ನೆ: ಡಲ್ಲಾಸ್ ಹತ್ತಿರ ಹದಿನಾಲ್ಕು ವರ್ಷದಿಂದ ಇದ್ದೇನೆ. ಆಫೀಸಿನಲ್ಲಿ ಅಮೆರಿಕನ್ ಫುಟ್‌ಬಾಲಿನ ರನ್ನಿಂಗ್ ಬ್ಯಾಕುಗಳ (ಚೆಂಡು ಹಿಡಿದು ಓಡುವವರ) ಮಾತು ಬಂದರೆ ಎಲ್ಲರ ಬಾಯಲ್ಲೂ ಎಮಿಟ್ ಸ್ಮಿತ್. ಪಕ್ಕದ ಮನೆಯ ಹಿರಿಯರು ಕ್ಲೀವ್‌ಲ್ಯಾಂಡಿನವರು, ಜಿಮ್ ಬ್ರೌನ್ ಬಿಟ್ಟು ಬೇರೆ ಹೆಸರು ಕೇಳಿಸಿಕೊಳ್ಳುವುದೇ ಇಲ್ಲ. ಹೈಸ್ಕೂಲಿಗೆ ಹೋಗುವ ಮಗ ಸೇಕ್ವಾನ್ ಬಾರ್ಕ್ಲಿ ಅನ್ನುತ್ತಾನೆ. ಅರವತ್ತು ವರ್ಷಗಳ ಅಂತರದ ಆಟಗಾರರನ್ನು ಹೋಲಿಸಲು ಏನಾದರೂ ದಾರಿ ಇದೆಯೇ? ನಿಮ್ಮ ಆಯ್ಕೆ ಯಾರು?

ಉತ್ತರ: ನಿಮ್ಮ ಮಗನಿಂದಲೇ ಶುರು ಮಾಡೋಣ. ಅವನು ಹೇಳುವ ಹೆಸರಿನಲ್ಲೇ ಈ ಪ್ರಶ್ನೆಯ ಗಂಟು ಇದೆ.

2023ರಲ್ಲಿ ಬಾರ್ಕ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲಿದ್ದ. 14 ಪಂದ್ಯ ಆಡಿ 962 ಯಾರ್ಡ್ ಓಡಿದ, ಒಂದು ಓಟಕ್ಕೆ ಸರಾಸರಿ 3.9. ಇವನದು ಮುಗಿಯಿತು ಎಂದು ಮಾತಾಡಿಕೊಂಡವರೂ ಇದ್ದರು. ಮರುವರ್ಷ ಫಿಲಡೆಲ್ಫಿಯಾ ಈಗಲ್ಸ್ ಸೇರಿದ. 16 ಪಂದ್ಯಗಳಲ್ಲಿ 2,005 ಯಾರ್ಡ್, ಸರಾಸರಿ 5.8. ಪ್ಲೇಆಫ್ ಓಟಗಳನ್ನೂ ಸೇರಿಸಿದರೆ 2,504, ಒಂದೇ ಸೀಸನ್ನಿನಲ್ಲಿ ಅಷ್ಟು ಓಡಿದವರು ಬೇರೆ ಯಾರೂ ಇಲ್ಲ. ಕಾಲು ಅವೇ, ವಯಸ್ಸು ಒಂದು ವರ್ಷ ಹೆಚ್ಚೇ. ಬದಲಾದದ್ದು ಮುಂದೆ ನಿಂತವರು. ಈಗಲ್ಸ್‌ನ ಎಡ ಟ್ಯಾಕಲ್ (ಓಟಗಾರನಿಗೆ ದಾರಿ ಬಿಡಿಸುವ ಸಾಲಿನ ಎಡಗಡೆಯವನು) ಜಾರ್ಡನ್ ಮೈಲಾಟಾ ಆಸ್ಟ್ರೇಲಿಯಾದಿಂದ ಬಂದ ರಗ್ಬಿ ಹುಡುಗ, ಆರು ಅಡಿ ಎಂಟು ಇಂಚು ಎತ್ತರ, ತೂಕ 160 ಕಿಲೋ ಮೇಲೆ. ಬಲಗಡೆಗೆ ಲೇನ್ ಜಾನ್ಸನ್. ಇವರಿಬ್ಬರ ನಡುವೆ ಬಾಗಿಲು ತೆರೆದಷ್ಟು ಜಾಗ ಸಿಗುತ್ತಿತ್ತು. ಇದರ ಜೊತೆಗೆ ಚೆಂಡು ಹಂಚುವ, ಎಸೆಯುವ ಕ್ವಾರ್ಟರ್‌ಬ್ಯಾಕೇ ಅದನ್ನು ಹಿಡಿದು ಓಡಿಬಿಡುವ ಭಯ ಬೇರೆ. ಎದುರಾಳಿಗಳು ಒಬ್ಬನ ಮೇಲೆ ಮಾತ್ರ ಕಣ್ಣಿಡುವ ಹಾಗಿರಲಿಲ್ಲ.

ಹಾಗಾದರೆ ಆ 2,005 ಯಾರ್ಡುಗಳಲ್ಲಿ ಬಾರ್ಕ್ಲಿಯವು ಎಷ್ಟು, ಮೈಲಾಟಾನವು ಎಷ್ಟು? ರನ್ನಿಂಗ್ ಬ್ಯಾಕುಗಳನ್ನು ಹೋಲಿಸುವ ಯಾರಿಗೇ ಆಗಲಿ, ಮೊದಲು ಎದುರಾಗುವ ಪ್ರಶ್ನೆ ಇದು. ಕ್ರಿಕೆಟಿನಲ್ಲಿ ಬ್ಯಾಟರ್ ಹೊಡೆದ ರನ್ ಬಹುಮಟ್ಟಿಗೆ ಅವನದೇ. ಇಲ್ಲಿ ಹಾಗಲ್ಲ. ಚೆಂಡು ಕೈಗೆ ಬರುವ ಹೊತ್ತಿಗೆ ಮುಂದೆ ಐದು ಜನ ಭಾರೀ ಲೈನ್‌ಮನ್‌ಗಳು ಆಗಲೇ ಎದುರಾಳಿಗಳ ಎದೆಗೆ ಕೈ ಕೊಟ್ಟಾಗಿರುತ್ತದೆ. ಇಬ್ಬರು ಸೇರಿ ಒಬ್ಬನನ್ನು ತಳ್ಳುತ್ತಾರೆ, ಅವನು ಹಿಂದೆ ಸರಿದ ಕೂಡಲೇ ಆ ಇಬ್ಬರಲ್ಲಿ ಒಬ್ಬ ಬಿಡಿಸಿಕೊಂಡು, ಎದುರಾಳಿಗಳ ಎರಡನೇ ಸಾಲಿನಲ್ಲಿ ಕಾಯುವ ಲೈನ್‌ಬ್ಯಾಕರ್ ಕಡೆ ನುಗ್ಗುತ್ತಾನೆ. ಈ ಬಿಡಿಸಿಕೊಳ್ಳುವ ಗಳಿಗೆ ಅರ್ಧ ಸೆಕೆಂಡ್ ತಡವಾದರೆ ಓಟಗಾರ ಎಷ್ಟೇ ದೊಡ್ಡವನಾದರೂ ಎರಡು ಯಾರ್ಡಿಗೆ ಬಿದ್ದ. ಸರಿಯಾಗಿ ನಡೆದರೆ ಸಾಧಾರಣ ಓಟಗಾರನಿಗೂ ಆರು ಯಾರ್ಡ್ ಪುಕ್ಕಟೆ.

ಇದು ಈಗಿನ ಮಾತಲ್ಲ. ಎನ್‌ಎಫ್‌ಎಲ್‌ನಲ್ಲಿ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಮೊದಲ ಬಾರಿಗೆ ಒಂದು ಸೀಸನ್ನಿನಲ್ಲಿ ಸಾವಿರ ಯಾರ್ಡ್ ದಾಟಿದವನು ಶಿಕಾಗೋ ಬೇರ್ಸ್‌ನ ಬೀಟಿ ಫೆದರ್ಸ್, 1934ರಲ್ಲಿ, 1,004 ಯಾರ್ಡ್. ಅವನಿಗೆ ದಾರಿ ಬಿಡಿಸಿಕೊಡುತ್ತಿದ್ದವನು ಬ್ರಾಂಕೋ ನಗುರ್ಸ್ಕಿ. ಫೆದರ್ಸ್ ಆಮೇಲೆ ಆ ಅಂಕಿಯ ಹತ್ತಿರಕ್ಕೂ ಸುಳಿಯಲಿಲ್ಲ. 1973ರಲ್ಲಿ ಬಫಲೋ ಬಿಲ್ಸ್‌ನ ಓ.ಜೆ. ಸಿಂಪ್ಸನ್ ಮೊದಲ ಬಾರಿಗೆ ಎರಡು ಸಾವಿರ ದಾಟಿದಾಗ (14 ಪಂದ್ಯಗಳಲ್ಲಿ 2,003) ಪತ್ರಿಕೆಯವರ ಮುಂದೆ ತನಗೆ ದಾರಿ ಬಿಡಿಸಿಕೊಟ್ಟ ಬ್ಲಾಕರ್‌ಗಳನ್ನೂ ಕರೆದುಕೊಂಡು ಬಂದ. ಆ ಲೈನ್‌ಗೆ ಜನ ಇಟ್ಟ ಹೆಸರೇ 'ಎಲೆಕ್ಟ್ರಿಕ್ ಕಂಪನಿ'. ಸಿಂಪ್ಸನ್‌ನ ಅಡ್ಡಹೆಸರು 'ಜ್ಯೂಸ್', ಇಂಗ್ಲಿಷಿನ ಆಡುಮಾತಿನಲ್ಲಿ ಜ್ಯೂಸ್ ಅಂದರೆ ಕರೆಂಟು ಕೂಡ. ಸ್ವಿಚ್ ಹಾಕುವವರು ಇವರು. ಸಿಂಪ್ಸನ್ ಹೆಸರೆತ್ತಿದರೆ ಮಾತು ಆಮೇಲಿನ ಕೊಲೆ ಮೊಕದ್ದಮೆಯ ಕಡೆಗೆ ಹೊರಳುತ್ತದೆಂದು ಗೊತ್ತಿದೆ, ಇಲ್ಲಿ ಮೈದಾನದ ಲೆಕ್ಕ ಮಾತ್ರ.

ಈಗ ನಿಮ್ಮ ಆಫೀಸಿನವರ ಎಮಿಟ್ ಸ್ಮಿತ್. 18,355 ಯಾರ್ಡ್, 164 ರನ್ನಿಂಗ್ ಟಚ್‌ಡೌನ್ (ಚೆಂಡು ಹಿಡಿದು ಓಡಿ ಎದುರಾಳಿಯ ಕೊನೆಗೆರೆ ದಾಟುವುದು), ಮೂರು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್ ಗೆಲುವು. ಒಟ್ಟು ಮೊತ್ತದಲ್ಲಿ ಇವನನ್ನು ಹಿಂದೆ ಹಾಕಿದವರಿಲ್ಲ, ಸದ್ಯಕ್ಕೆ ಹಾಕುವವರೂ ಕಾಣುತ್ತಿಲ್ಲ. ಎದುರುವಾದಿಗಳು ಹೇಳುವುದು ಒಂದೇ: ಡಲ್ಲಾಸ್‌ನ ಆ ಲೈನ್ ಹಿಂದೆ ನಮ್ಮಜ್ಜಿಯೂ ಸಾವಿರ ಯಾರ್ಡ್ ಓಡುತ್ತಿದ್ದಳು. ಈ ಮಾತಿಗೆ ಉತ್ತರ 1993ರಲ್ಲೇ ಸಿಕ್ಕಿದೆ. ಸಂಬಳದ ಜಗಳದಲ್ಲಿ ಸ್ಮಿತ್ ಮೊದಲೆರಡು ಪಂದ್ಯ ಆಡಲಿಲ್ಲ. ಲೈನ್ ಅದೇ, ಕ್ವಾರ್ಟರ್‌ಬ್ಯಾಕ್ ಟ್ರಾಯ್ ಏಕ್‌ಮನ್ ಅವನೇ, ಹಿಂದಿನ ಸೀಸನ್ನಿನ ಚಾಂಪಿಯನ್ನರು. ಎರಡೂ ಪಂದ್ಯ ಸೋತರು. ತಂಡದ ಮಾಲೀಕರು ದುಡ್ಡು ಬಿಚ್ಚಿದರು, ಸ್ಮಿತ್ ಬಂದ, ಎರಡು ಪಂದ್ಯ ಕಳೆದುಕೊಂಡೂ 1,486 ಯಾರ್ಡ್ ಓಡಿ ಲೀಗಿಗೇ ಮೊದಲಿಗನಾದ. ಆ ಸೀಸನ್ನಿನ ಕೊನೆಯ ಲೀಗ್ ಪಂದ್ಯ 1994ರ ಜನವರಿ 2ರಂದು ಜೈಂಟ್ಸ್ ಮೇಲೆ. ಎರಡನೇ ಕ್ವಾರ್ಟರಿನಲ್ಲಿ ಉದ್ದನೆಯ ಓಟವೊಂದರ ಕೊನೆಗೆ ಬಿದ್ದು ಬಲ ಭುಜದ ಕೀಲು ಬಿಟ್ಟಿತು. ಒಂದೇ ಕೈ ಸರಿಯಾಗಿ ಆಡುತ್ತಿದ್ದವನು ಓವರ್‌ಟೈಮ್‌ವರೆಗೂ ಚೆಂಡು ಹೊತ್ತ. 32 ಓಟ, 168 ಯಾರ್ಡ್, ಮೇಲೆ ಹತ್ತು ಕ್ಯಾಚು. ಅಜ್ಜಿ ಕೈಲಿ ಆಗುವ ಕೆಲಸವಲ್ಲ.

ಆದರೂ ಸ್ಮಿತ್‌ನ 18,355 ಬಂದದ್ದು 226 ಪಂದ್ಯಗಳಿಂದ, 4,409 ಓಟಗಳಿಂದ. ಪಂದ್ಯಕ್ಕೆ 81 ಯಾರ್ಡ್, ಓಟಕ್ಕೆ 4.2. ಬ್ರೌನ್‌ನದು 118 ಪಂದ್ಯ, 12,312 ಯಾರ್ಡ್, ಪಂದ್ಯಕ್ಕೆ 104, ಓಟಕ್ಕೆ 5.2. ಒಟ್ಟು ಮೊತ್ತವನ್ನು ಕಾಲಗಳಾಚೆ ಹೋಲಿಸುವುದು ಯಾಕೆ ತಪ್ಪೆಂದು ಇಷ್ಟರಲ್ಲೇ ಗೊತ್ತಾಗುತ್ತದೆ. ಬ್ರೌನ್ ಆಡಲು ಬಂದಾಗ (1957) ಸೀಸನ್ನಿಗೆ 12 ಪಂದ್ಯ. 1961ರಿಂದ 14, 1978ರಿಂದ 16, 2021ರಿಂದ 17. ನಿಯಮಗಳೂ ಹಾಗೆಯೇ ಕಾಲಕಾಲಕ್ಕೆ ಜಾರಿವೆ. 1972ರಲ್ಲಿ ಮೈದಾನದ ಹ್ಯಾಶ್ ಮಾರ್ಕ್ ಗೆರೆಗಳನ್ನು (ಚೆಂಡನ್ನು ಎಲ್ಲಿಂದ ಆಡಿಸಬೇಕೆಂದು ತೋರಿಸುವ ಗೆರೆಗಳು) ಒಳಕ್ಕೆ ಸರಿಸಿದರು. ಚೆಂಡು ಮೈದಾನದ ನಡುಭಾಗದಿಂದಲೇ ಹೊರಡತೊಡಗಿತು, ಓಟಗಾರನಿಗೆ ಎರಡೂ ಕಡೆ ಜಾಗ ಸಿಕ್ಕಿತು. ಅದೇ ವರ್ಷ ಹತ್ತು ಜನ ಸಾವಿರ ದಾಟಿದರು. ಪೇಂಟು ಡಬ್ಬಿಯೊಂದು ಮಾಡಿದ ಕೆಲಸ! 1978ರಲ್ಲಿ ಪಾಸ್ ಆಟಕ್ಕೆ ಅನುಕೂಲವಾಗುವ ನಿಯಮಗಳು ಬಂದವು, ಅಲ್ಲಿಂದ ಮೆಲ್ಲಗೆ ಚೆಂಡು ಗಾಳಿಯಲ್ಲೇ ಹೆಚ್ಚು ಓಡಾಡತೊಡಗಿತು. ಇವತ್ತು ಬಹಳಷ್ಟು ತಂಡಗಳು ಓಟದ ಕೆಲಸವನ್ನು ಇಬ್ಬರು ಮೂವರಿಗೆ ಹಂಚಿಬಿಡುತ್ತವೆ.

ಹಾಗಾಗಿ ನಾನು ಮೊದಲು ಹಿಡಿಯುವ ಅಳತೆಗೋಲು ಬೇರೆ. ಒಬ್ಬ ಓಟಗಾರ ತನ್ನದೇ ವರ್ಷದ ಎರಡನೆಯವನಿಗಿಂತ ಎಷ್ಟು ಮುಂದಿದ್ದ? ನಿಯಮ, ಮೈದಾನ, ಪಂದ್ಯಗಳ ಸಂಖ್ಯೆ ಇಬ್ಬರಿಗೂ ಒಂದೇ.

1984ರಲ್ಲಿ ಎರಿಕ್ ಡಿಕರ್ಸನ್ 2,105 ಓಡಿದ, ಇವತ್ತಿಗೂ ಅದೇ ಲೀಗ್ ಸೀಸನ್ನಿನ ದಾಖಲೆ. ಎರಡನೆಯವನು ವಾಲ್ಟರ್ ಪೇಟನ್, 1,684. ಅಂದರೆ ಕಾಲು ಭಾಗ ಮುಂದೆ. 2012ರಲ್ಲಿ ಏಡ್ರಿಯನ್ ಪೀಟರ್ಸನ್, ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಒಂದು ವರ್ಷವಾಗುವ ಹೊತ್ತಿಗೆ 2,097, ಎರಡನೆಯವನು 1,613. 1997ರಲ್ಲಿ ಬ್ಯಾರಿ ಸ್ಯಾಂಡರ್ಸ್ 2,053, ಎರಡನೆಯವನು 1,750. ಬಾರ್ಕ್ಲಿಯ 2,005ರ ಹಿಂದೆಯೇ ಡೆರಿಕ್ ಹೆನ್ರಿ 1,921ಕ್ಕೆ ನಿಂತಿದ್ದ, ಮೂವತ್ತು ದಾಟಿದ ಹೆನ್ರಿ. ಇದನ್ನು ಮಗನಿಗೆ ಹೇಳುವಾಗ ಸ್ವಲ್ಪ ಮೆತ್ತಗೆ ಹೇಳಿ.

ಈಗ 1963. ಜಿಮ್ ಬ್ರೌನ್ 1,863 ಯಾರ್ಡ್, ಎರಡನೆಯವನು ಗ್ರೀನ್ ಬೇಯ ಜಿಮ್ ಟೇಲರ್ 1,018. 1958ರಲ್ಲಿ ಇನ್ನೂ ಅತಿ: ಬ್ರೌನ್ 1,527, ಎರಡನೆಯ ಬಾಲ್ಟಿಮೋರ್‌ನ ಅಲನ್ ಅಮೀಚಿ 791. ಹೆಚ್ಚುಕಡಿಮೆ ಇಮ್ಮಡಿ. ಬ್ರೌನ್‌ಗೆ ಚೆಂಡು ಹೆಚ್ಚು ಸಲ ಕೊಟ್ಟರು, ನಿಜ. ಆದರೆ ಓಟದ ಸರಾಸರಿ ತೆಗೆದರೂ 5.9ಕ್ಕೆ ಎದುರು 4.6. ಒಂಬತ್ತು ಸೀಸನ್ ಆಡಿ ಎಂಟರಲ್ಲಿ ಲೀಗಿಗೆ ಮೊದಲಿಗ. ಉಳಿದ ಒಂದೇ ಒಂದು, 1962, ಟೇಲರ್ ಪಾಲಿಗೆ. ಒಂದೂ ಪಂದ್ಯ ತಪ್ಪಿಸಿಕೊಳ್ಳಲಿಲ್ಲ. ಬ್ರಾಡ್‌ಮನ್ ಸರಾಸರಿ ನೋಡಿದಾಗ ಇದು ಅಚ್ಚಿನ ತಪ್ಪೇನೋ ಅನ್ನಿಸುತ್ತದಲ್ಲ, ಈ ಪಟ್ಟಿ ನೋಡಿದಾಗಲೂ ಹಾಗೇ ಆಗುತ್ತದೆ.

ಬ್ರೌನ್ ಆಟದ ಹಳೆಯ ಕಪ್ಪುಬಿಳುಪು ತುಣುಕುಗಳು ಸಿಕ್ಕರೆ ನೋಡಿ. ಓಟಕ್ಕಿಂತ ಓಟ ಮುಗಿದ ಮೇಲಿನದನ್ನು ಗಮನಿಸಿ. ನಾಲ್ಕು ಜನ ಸೇರಿ ಕೆಡವಿದ ಮೇಲೆ ಮುದುಕನ ಹಾಗೆ ಮೊಣಕೈ ಊರಿ, ಮೊಣಕಾಲು ಊರಿ ಏಳುತ್ತಾನೆ. ಕಾಲೆಳೆದುಕೊಂಡು ತನ್ನ ಜಾಗಕ್ಕೆ ನಡೆಯುತ್ತಾನೆ. ಈಗ ಇವನಿಗೆ ಏಟು ಬಿತ್ತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಚೆಂಡು ಹಿಡಿದು ಹಾರಿದ. ಪ್ರತಿ ಸಲವೂ ಹೀಗೇ ಎದ್ದರೆ ನಿಜವಾಗಿ ನೋವಾದದ್ದು ಯಾವಾಗ ಅಂತ ಎದುರಾಳಿಗೆ ಗೊತ್ತಾಗುವುದಿಲ್ಲ, ಅದು ಅವನ ಲೆಕ್ಕಾಚಾರ. ತೂಕ 105 ಕಿಲೋ, ಅಂದಿನ ಎಷ್ಟೋ ಡಿಫೆನ್ಸ್ ಆಟಗಾರರಿಗಿಂತ ಹೆಚ್ಚು. ವೇಗವೂ ಅವರಿಗಿಂತ ಹೆಚ್ಚು.

ಇಲ್ಲಿಗೆ ನಿಮ್ಮ ಪಕ್ಕದ ಮನೆಯವರು ಗೆದ್ದರು ಅಂದುಕೊಳ್ಳಬೇಡಿ. ಈ ಅಳತೆಗೋಲಿಗೂ ಡೊಂಕಿದೆ. 1958ರಲ್ಲಿ ಎನ್‌ಎಫ್‌ಎಲ್‌ನಲ್ಲಿದ್ದದ್ದು 12 ತಂಡ. 1934ರಿಂದ 1945ರವರೆಗೆ ಲೀಗಿನಲ್ಲಿ ಕಪ್ಪು ಆಟಗಾರರೇ ಇರಲಿಲ್ಲ. ಬಾಗಿಲು ತೆರೆದ ಮೇಲೂ ಬಹಳ ತಂಡಗಳು ನಾಲ್ಕೈದು ಜನರಿಗಿಂತ ಹೆಚ್ಚು ತೆಗೆದುಕೊಳ್ಳುತ್ತಿರಲಿಲ್ಲ. ವಾಷಿಂಗ್ಟನ್ ತಂಡ 1962ರವರೆಗೂ ಒಬ್ಬನನ್ನೂ ಆಡಿಸಲಿಲ್ಲ. ಬ್ರೌನ್ ಯಾರ ಮೇಲೆ ಓಡಿದನೋ, ಯಾರ ಜೊತೆ ಪೈಪೋಟಿ ಮಾಡಿದನೋ, ಅದು ದೇಶದ ಅರ್ಧಂಬರ್ಧ ಪ್ರತಿಭೆ ಮಾತ್ರ. 1960ರಿಂದ ಎಎಫ್‌ಎಲ್ ಎಂಬ ಇನ್ನೊಂದು ಲೀಗ್ ಬಂದು ಆಟಗಾರರು ಮತ್ತಷ್ಟು ಹಂಚಿಹೋದರು. ಅಂದಿನವರಲ್ಲಿ ಹಲವರಿಗೆ ಸೀಸನ್ ಮುಗಿದ ಮೇಲೆ ಹೊಟ್ಟೆಪಾಡಿಗೆ ಬೇರೆ ಕೆಲಸವಿತ್ತು, ವರ್ಷವಿಡೀ ಮೈ ಹುರಿಗೊಳಿಸುವ ಪದ್ಧತಿಯೇ ಇರಲಿಲ್ಲ.

ಇದಕ್ಕಿಂತ ದೊಡ್ಡ ಆಕ್ಷೇಪಣೆ ಇನ್ನೊಂದಿದೆ, ಅದನ್ನು ಯಾಕೋ ಯಾರೂ ಎತ್ತುವುದಿಲ್ಲ. 1966ರ ಬೇಸಿಗೆಯಲ್ಲಿ ಬ್ರೌನ್ ಲಂಡನ್ನಿನಲ್ಲಿ ಸಿನಿಮಾ ಶೂಟಿಂಗಿನಲ್ಲಿದ್ದ. ಅಭ್ಯಾಸ ಶಿಬಿರಕ್ಕೆ ಬಾರದ ಪ್ರತಿ ದಿನಕ್ಕೂ ದಂಡ ಹಾಕುತ್ತೇನೆ ಎಂದರು ಮಾಲೀಕ ಆರ್ಟ್ ಮೊಡೆಲ್. ಬ್ರೌನ್ ಅಲ್ಲಿಂದಲೇ ಆಟಕ್ಕೆ ರಾಜೀನಾಮೆ ಕೊಟ್ಟ, ಮೂವತ್ತು ವರ್ಷಕ್ಕೆ. ಅವನ ಜಾಗಕ್ಕೆ ಬಂದವನು ಲೀರಾಯ್ ಕೆಲ್ಲಿ, ಅಲ್ಲಿಯವರೆಗೆ ಹೆಚ್ಚಾಗಿ ಎದುರಾಳಿ ಒದ್ದ ಚೆಂಡನ್ನು ಹಿಡಿದು ಓಡುತ್ತಿದ್ದ ಹುಡುಗ. ಮೊದಲ ವರ್ಷವೇ 1,141 ಯಾರ್ಡ್, ಓಟಕ್ಕೆ 5.5. ಮುಂದಿನ ಎರಡು ವರ್ಷವೂ ಲೀಗಿಗೆ ಮೊದಲಿಗ. ಅಂದರೆ ಕ್ಲೀವ್‌ಲ್ಯಾಂಡ್‌ನ ಲೈನ್ ಕೂಡ ಸಾಮಾನ್ಯದ್ದಾಗಿರಲಿಲ್ಲ. ಆ ಲೈನಿನ ಗಾರ್ಡ್ ಜೀನ್ ಹಿಕರ್ಸನ್ ಆಮೇಲೆ ಆಟದ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದ. ಕೆಲ್ಲಿಯೂ ಸೇರಿದ, ಅವನೂ ಘಟಾನುಘಟಿಯೇ. ಆದರೆ ಸ್ಮಿತ್‌ಗೆ 'ಲೈನ್ ಚೆನ್ನಾಗಿತ್ತು' ಎಂದು ಅಂಕ ಕಳೆಯುವವರು ಬ್ರೌನ್‌ಗೂ ಕಳೆಯಬೇಕಾಗುತ್ತದೆ.

ಆದ್ದರಿಂದ ಎರಡನೇ ಅಳತೆ ಬೇಕು. ಬ್ಲಾಕ್ ಕೈಕೊಟ್ಟಾಗ ಈ ಮನುಷ್ಯ ಏನು ಮಾಡುತ್ತಿದ್ದ? ಈ ಅಳತೆಗೆ ಅಂಕಿಗಿಂತ ಕಣ್ಣೇ ಆಧಾರ, ಇಲ್ಲಿ ನನ್ನ ಪಕ್ಷಪಾತವನ್ನೂ ಒಪ್ಪಿಕೊಂಡುಬಿಡುತ್ತೇನೆ. ತೊಂಬತ್ತರ ದಶಕದಲ್ಲಿ ನಾನು ಮಿಶಿಗನ್‌ನಲ್ಲಿದ್ದೆ. ಡೆಟ್ರಾಯ್ಟ್ ಲಯನ್ಸ್ ಆಗ ಪಾಂಟಿಯಾಕ್‌ನ ಸಿಲ್ವರ್‌ಡೋಮ್‌ನಲ್ಲಿ ಆಡುತ್ತಿತ್ತು. ಗಾಳಿ ತುಂಬಿ ನಿಲ್ಲಿಸಿದ ಬಟ್ಟೆಯ ಚಾವಣಿ, ಆಟ ಮುಗಿಸಿ ಹೊರಗೆ ಬರುವಾಗ ಒಳಗಿನ ಗಾಳಿ ಬೆನ್ನಿಗೆ ಕೈಯಿಟ್ಟು ನೂಕಿದಂತೆ ಹೊರಹಾಕುತ್ತಿತ್ತು. ಅಗ್ಗದ ಟಿಕೆಟ್ಟು, ತೀರಾ ಮೇಲಿನ ಸಾಲು. ಅಲ್ಲಿಂದ ಆಟಗಾರರ ಮುಖ ಕಾಣುವುದಿಲ್ಲ, ಆದರೆ ಮೈದಾನದ ನಕ್ಷೆ ಪೂರ್ತಿ ಕಾಣುತ್ತದೆ. ಸ್ಯಾಂಡರ್ಸ್‌ನನ್ನು ನೋಡುವುದಾದರೆ ಹಾಗೇ ನೋಡಬೇಕು.

ಚೆಂಡು ಹಿಡಿದ. ಹೋಗಬೇಕಿದ್ದ ಸಂದಿ ಮುಚ್ಚಿಹೋಗಿದೆ. ಬೇರೆಯವರಾದರೆ ತಲೆ ತಗ್ಗಿಸಿ ನುಗ್ಗಿ ಒಂದು ಯಾರ್ಡ್ ಕಿತ್ತುಕೊಳ್ಳುತ್ತಾರೆ. ಇವನು ನಿಂತ. ನಿಂತೇಬಿಟ್ಟ! ಮೇಲಿನಿಂದ ನೋಡಿದರೆ ಇಪ್ಪತ್ತೊಂದು ಚುಕ್ಕಿಗಳು ಓಡುತ್ತಿವೆ, ಒಂದು ಚುಕ್ಕಿ ಮಾತ್ರ ನಿಂತಿದೆ. ಆಮೇಲೆ ಹಿಂದಕ್ಕೆ ಓಡತೊಡಗಿದ, ಮೂರು, ನಾಲ್ಕು, ಐದು ಯಾರ್ಡ್. ಪಕ್ಕದಲ್ಲಿದ್ದ ರೂಮ್‌ಮೇಟ್ 'ಥೂ, ಯಾಕೋ ಹಿಂದಕ್ಕೆ ಹೋಗ್ತೀಯ' ಎಂದು ಕನ್ನಡದಲ್ಲೇ ಬೈದ. ಬೈಗುಳ ಮುಗಿಯುವಷ್ಟರಲ್ಲಿ ಇಡೀ ಡಿಫೆನ್ಸ್ ಬಲಕ್ಕೆ ವಾಲಿತ್ತು, ಚುಕ್ಕಿ ಎಡಗಡೆಯ ಖಾಲಿ ಜಾಗದಲ್ಲಿತ್ತು. ಅಲ್ಲಿಂದ ಇಪ್ಪತ್ತು ಚಿಲ್ಲರೆ ಯಾರ್ಡ್. ಮರು ಸಲ ಇದೇ ಕಸರತ್ತು ಮಾಡಲು ಹೋಗಿ ನಾಲ್ಕು ಯಾರ್ಡ್ ಕಳೆದುಕೊಂಡ. ನಮ್ಮೂರ ಕಬಡ್ಡಿಯಲ್ಲಿ ಒಳ್ಳೆಯ ರೇಡರ್ ಎದುರಾಳಿಗಳನ್ನು ಒಂದು ಮೂಲೆಗೆ ಎಳೆದು ಇನ್ನೊಂದು ಮೂಲೆಯಿಂದ ಜಾರುವ ಹಾಗೆ.

ಸ್ಯಾಂಡರ್ಸ್‌ನ ಸಮಸ್ಯೆಯೂ ಅದೇ. ಹತ್ತು ಸೀಸನ್, 15,269 ಯಾರ್ಡ್, ಓಟಕ್ಕೆ 5.0, ಒಂದು ವರ್ಷವೂ ಸಾವಿರಕ್ಕಿಂತ ಕೆಳಗಿಲ್ಲ. 1997ರಲ್ಲಿ ಮೊದಲೆರಡು ಪಂದ್ಯ ಸೇರಿ ಓಡಿದ್ದು 53 ಯಾರ್ಡ್ ಮಾತ್ರ, ಉಳಿದ 14ರಲ್ಲಿ ಸರಿಯಾಗಿ ಎರಡು ಸಾವಿರ, 14ರಲ್ಲೂ ತಪ್ಪದೆ ನೂರರ ಮೇಲೆ. ಆದರೆ 1994ರ ಸೀಸನ್ನಿನ ಪ್ಲೇಆಫ್‌ನಲ್ಲಿ ಗ್ರೀನ್ ಬೇ ಎದುರು 13 ಸಲ ಓಡಿ ಒಟ್ಟು ಗಳಿಸಿದ್ದು ಮೈನಸ್ ಒಂದು. ನಾಲ್ಕು ಯಾರ್ಡ್ ಬೇಕಾದಾಗ ನಾಲ್ಕು ಯಾರ್ಡ್ ತಂದುಕೊಡುವ ಕೆಲಸದಲ್ಲಿ ಸ್ಮಿತ್ ಅವನಿಗಿಂತ ಮೇಲು, ಇದನ್ನು ಲಯನ್ಸ್ ಅಭಿಮಾನಿಯಾಗಿಯೂ ಒಪ್ಪುತ್ತೇನೆ. ಹತ್ತು ವರ್ಷದಲ್ಲಿ ತಂಡ ಗೆದ್ದ ಪ್ಲೇಆಫ್ ಪಂದ್ಯ ಒಂದೇ ಒಂದು. ಸಾರ್ವಕಾಲಿಕ ದಾಖಲೆಗೆ 1,457 ಯಾರ್ಡ್ ಬಾಕಿಯಿತ್ತು, ಒಂದು ಸೀಸನ್ನಿನ ಕೆಲಸ. 1999ರ ಜುಲೈಯಲ್ಲಿ ಊರಿನ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿ ಆಟ ಬಿಟ್ಟ. ಟಚ್‌ಡೌನ್ ಆದ ಮೇಲೆ ಕುಣಿಯದೆ ಚೆಂಡನ್ನು ರೆಫರಿ ಕೈಗೆ ಕೊಟ್ಟು ಹೋಗುತ್ತಿದ್ದವನು, ಇದನ್ನೂ ಹಾಗೇ ಮಾಡಿದ.

ಅಂದು ಅವನ ಮುಂದಿದ್ದ ದಾಖಲೆ ವಾಲ್ಟರ್ ಪೇಟನ್‌ನದು, 16,726. ನೀವು ಪತ್ರದಲ್ಲಿ ಹೆಸರಿಸದೇ ಬಿಟ್ಟವನು ಇವನೇ. 1977ರ ನವೆಂಬರ್ 20ರಂದು ಮಿನಸೋಟ ವೈಕಿಂಗ್ಸ್ ಎದುರು ಫ್ಲೂ ಜ್ವರದಲ್ಲೇ ಮೈದಾನಕ್ಕಿಳಿದು 40 ಸಲ ಓಡಿ 275 ಯಾರ್ಡ್ ಗಳಿಸಿದ. ಪಂದ್ಯದ ಫಲಿತಾಂಶ 10-7. ಎದುರಿಗಿದ್ದವರಿಗೆಲ್ಲ ಚೆಂಡು ಯಾರ ಕೈಗೆ ಬರುತ್ತದೆಂದು ಗೊತ್ತಿದ್ದೂ ಅಷ್ಟು. ಆ ವರ್ಷ 1,852, ಎರಡನೆಯವನು 1,273. ಹದಿಮೂರು ಸೀಸನ್ನಿನಲ್ಲಿ ತಪ್ಪಿದ್ದು ಒಂದೇ ಪಂದ್ಯ. ಗೆರೆ ದಾಟಿ ಹೊರಗೆ ಹೆಜ್ಜೆಯಿಟ್ಟರೆ ಏಟು ತಪ್ಪುತ್ತದೆ, ಎಲ್ಲರೂ ಇಡುತ್ತಾರೆ. ಪೇಟನ್ ಮಾತ್ರ ತಿರುಗಿ, ಹಿಡಿಯಲು ಬಂದವನಿಗೇ ಭುಜ ಕೊಡುತ್ತಿದ್ದ. ಪಾಸ್ ಆಟದಲ್ಲಿ ಬೇರೆಯವರಿಗಾಗಿ ಬ್ಲಾಕ್ ಮಾಡುತ್ತಿದ್ದ. ಬ್ರೌನ್ ಬಗ್ಗೆ ಇರುವ ಹಳೆಯ ದೂರು ಅದೇ ನೋಡಿ, ಚೆಂಡು ಕೈಯಲ್ಲಿಲ್ಲದಿದ್ದರೆ ಅವನು ಮೈ ಮುರಿಯುತ್ತಿರಲಿಲ್ಲ. ಪೇಟನ್ ಹಿಡಿದ ಕ್ಯಾಚು 492. ಎಸೆದ ಟಚ್‌ಡೌನ್ ಪಾಸುಗಳೂ ಎಂಟಿವೆ! ಅವನ ಮೊದಲ ವರ್ಷಗಳ ಬೇರ್ಸ್ ತಂಡ ಏನೇನೂ ಅಲ್ಲ. ಕೊನೆಗೆ ಒಳ್ಳೆಯ ತಂಡ ಸಿಕ್ಕಿ ಸೂಪರ್ ಬೌಲ್ ಗೆದ್ದಾಗ ಟಚ್‌ಡೌನ್ ಅವಕಾಶವನ್ನು 'ರೆಫ್ರಿಜರೇಟರ್' ಪೆರಿ ಎಂಬ ದಡೂತಿ ಡಿಫೆನ್ಸ್ ಆಟಗಾರನಿಗೆ ಕೊಟ್ಟರು, ಪೇಟನ್‌ಗೆ ಒಂದೂ ಸಿಗಲಿಲ್ಲ. ನಲವತ್ತು ವರ್ಷವಾದರೂ ಶಿಕಾಗೋದವರಿಗೆ ಆ ಕಿರಿಕಿರಿ ಹೋಗಿಲ್ಲ. ಅವನು ತೀರಿಕೊಂಡದ್ದು 1999ರಲ್ಲಿ, 45ನೇ ವಯಸ್ಸಿಗೆ.

ಗೇಲ್ ಸೇಯರ್ಸ್ ಹೆಸರನ್ನು ಬಿಟ್ಟಿದ್ದೇನೆಂದು ಯಾರಾದರೂ ಜಗಳಕ್ಕೆ ಬರಬಹುದು. ಆಡಿದ್ದು 68 ಪಂದ್ಯ, ಮೊಣಕಾಲು ಹೋಯಿತು. ಮಾರ್ಷಲ್ ಫಾಕ್ ಬಗ್ಗೆ ಮಾತಾಡಿದರೆ ಪಾಸ್ ಹಿಡಿಯುವ ಬ್ಯಾಕುಗಳದ್ದೇ ಇನ್ನೊಂದು ಪತ್ರವಾಗುತ್ತದೆ.

ನನ್ನ ಆಯ್ಕೆ ಕೇಳಿದ್ದೀರಿ. ತನ್ನ ಕಾಲವನ್ನು ಯಾರು ಅತಿ ಹೆಚ್ಚು ಮೀರಿ ನಿಂತರು ಅಂದರೆ ಬ್ರೌನ್, 12 ತಂಡಗಳ ಲೀಗಿನ ರಿಯಾಯಿತಿ ಕಳೆದೂ ಬ್ರೌನ್. ಬರಿಗೈಯಲ್ಲಿ ಜಾಗ ಹುಟ್ಟಿಸಿದವನು ಸ್ಯಾಂಡರ್ಸ್. ನಾಳೆ ನನಗೊಂದು ತಂಡ ಕೊಟ್ಟು, ಲೈನ್ ಹೇಗಿರುತ್ತದೋ ಗೊತ್ತಿಲ್ಲ, ಯಾವ ದಶಕವೋ ಗೊತ್ತಿಲ್ಲ, ಒಬ್ಬನನ್ನು ಆರಿಸು ಅಂದರೆ ಪೇಟನ್. ಸ್ಮಿತ್ ನಾಲ್ಕನೆಯವನು, ಇದನ್ನು ನಿಮ್ಮ ಆಫೀಸಿನಲ್ಲಿ ನನ್ನ ಹೆಸರಿಗೆ ಹಾಕಿ, ನಿಮ್ಮ ಹೆಸರಿಗೆ ಬೇಡ. ಬಾರ್ಕ್ಲಿಗೆ ಇನ್ನೂ ಸಮಯವಿದೆ. 2024ರ ನವೆಂಬರಿನಲ್ಲಿ ಜಾಕ್ಸನ್‌ವಿಲ್ ಎದುರು ಬೆನ್ನು ತಿರುಗಿಸಿಕೊಂಡೇ ಒಬ್ಬನ ತಲೆಯ ಮೇಲಿಂದ ಹಾರಿದನಲ್ಲ, ಅದನ್ನು ಮಾತ್ರ ಈ ಪಟ್ಟಿಯಲ್ಲಿರುವ ಯಾರೂ ಮಾಡಿದ್ದು ನಾನು ಕಂಡಿಲ್ಲ. ಮಗನ ಪಾಲಿಗೆ ಅಷ್ಟಿರಲಿ.

ಪಕ್ಕದ ಮನೆಯ ಹಿರಿಯರ ಹತ್ತಿರ ಒಮ್ಮೆ ಲೀರಾಯ್ ಕೆಲ್ಲಿಯ ಮಾತೆತ್ತಿ. ಕಾಫಿ ಕುಡಿದು ಪುರಸೊತ್ತಾಗಿ ಕೂತಾಗ ಎತ್ತಿ, ಕ್ಲೀವ್‌ಲ್ಯಾಂಡಿನವರು ಅದಕ್ಕೆ ಚಿಕ್ಕ ಉತ್ತರ ಕೊಡುವುದಿಲ್ಲ.